ಬರೆದಿಟ್ಟವರ ಬಲ

"ಅವರದ್ದು ದೊಡ್ಡ ಕಂಪನಿ ಮಾರಾಯ್ರೆ, ನಾವು ಏನು ಮಾಡ್ಲಿಕ್ಕಾಗ್ತದೆ?"

ಪೆರ್ಲದಲ್ಲಿ, ಬದಿಯಡ್ಕದಲ್ಲಿ, ಕುಂಬಳೆಯಲ್ಲಿ, ಎಲ್ಲಿ ಅಂಗಡಿ ಜಗಲಿಯಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಆರು ತಿಂಗಳಿಗೇ ಸುಟ್ಟುಹೋದ ಪಂಪಿನ ಬಗ್ಗೆ, ಕೊನೆಗಳಿಗೆಯಲ್ಲಿ ಕೈಕೊಟ್ಟ ವಿಮೆಯ ಬಗ್ಗೆ, ಮೊಳೆಯದ ಬಿತ್ತನೆ ಬೀಜದ ಬಗ್ಗೆ. ಹೇಳುವವರಿಗೆ ಸಿಟ್ಟಿದೆ. ಹೆಚ್ಚಿನ ಸಲ ನ್ಯಾಯವೂ ಅವರ ಕಡೆಗೇ ಇದೆ. ಇಲ್ಲದ್ದು ಕಾಗದ. ಬಿಲ್ಲು ಎಲ್ಲಿಟ್ಟದ್ದೆಂದು ಗೊತ್ತಿಲ್ಲ, ಫೋನು ಮಾಡಿದ ದಿನ ನೆನಪಿಲ್ಲ, ಕಂಪನಿಯವರು ಏನು ಹೇಳಿದರೆಂಬುದಕ್ಕೆ ಸಾಕ್ಷಿಯಿಲ್ಲ.

ಆದರೆ ಇದೇ ಪೆರ್ಲದ ಪಕ್ಕದ ಪಡ್ರೆಯಿಂದ ಹೊರಟ ದೂರು ಜಿನೀವಾದ ತನಕ ಹೋಗಿದೆ. ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಜಗತ್ತಿನಿಂದಲೇ ತೆಗೆದುಹಾಕಬೇಕೆಂಬ ತೀರ್ಮಾನದ ಹಿಂದೆ ಕಾಸರಗೋಡಿನ ಗುಡ್ಡಗಳ ಜನರ ಹೆಸರಿದೆ. ದೊಡ್ಡ ಸಂಸ್ಥೆಯೊಂದು ತಪ್ಪು ಮಾಡಿದಾಗ ಸಾಮಾನ್ಯ ಜನ ಅದನ್ನು ತಡೆಯುವುದು ಹೇಗೆಂದು ಕಲಿಯಲಿಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಆ ಹೋರಾಟದಲ್ಲಿ ಯಾವ ಹೆಜ್ಜೆ ಫಲಿಸಿತು, ಯಾಕೆ ಫಲಿಸಿತು ಎಂದು ಬಿಡಿಸಿ ನೋಡಿದರೆ, ಮನೆಯ ಫ್ರಿಜ್ಜಿನ ಜಗಳಕ್ಕೂ ಅದೇ ದಾರಿ ಎಂಬುದು ಗೊತ್ತಾಗುತ್ತದೆ.

ಪಡ್ರೆಯಲ್ಲಿ ಕೆಲಸ ಮಾಡಿದ್ದು ಯಾವುದು

ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳ ಸರಕಾರದ್ದೇ ಸಂಸ್ಥೆ. ಕಾಸರಗೋಡು ಜಿಲ್ಲೆಯ ಗುಡ್ಡಗಳ ನೆತ್ತಿಯಲ್ಲಿ ಅದರ ಗೇರುತೋಟಗಳಿವೆ. ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿದ ವಿಸ್ತಾರ. ಗೇರಿನ ಚಿಗುರು ಹೀರುವ ಟೀ ಮೊಸ್ಕಿಟೊ ಎಂಬ ಕೀಟವನ್ನು ಕೊಲ್ಲಲಿಕ್ಕೆ ಎಪ್ಪತ್ತರ ದಶಕದಲ್ಲಿ ಶುರುಮಾಡಿ 2000ದ ಕೊನೆಯ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನಮ್ಮ ಕಡೆಯ ನೆಲ ನೋಡಿದವರಿಗೆ ಮುಂದಿನದ್ದು ಹೇಳಬೇಕಾಗಿಲ್ಲ. ತೋಟ ಮೇಲೆ, ಮನೆ ಕೆಳಗೆ. ಮೇಲಿನ ಮುರಕಲ್ಲಿನಲ್ಲಿ ಇಂಗಿದ ನೀರೇ ಕೆಳಗೆ ಸುರಂಗದಲ್ಲಿ ಒಸರುತ್ತದೆ, ತೋಡಿನಲ್ಲಿ ಹರಿಯುತ್ತದೆ. ಸಿಂಪಡಿಸುವ ದಿನ ಬಾವಿ ಮುಚ್ಚಬಹುದು. ಸುರಂಗವನ್ನು, ಪಡ್ರೆಯ ಕೊಡೆಂಕಿರಿ ತೋಡನ್ನು ಮುಚ್ಚುವುದು ಯಾವುದರಿಂದ?

1979ರಲ್ಲಿ ಪಡ್ರೆಯಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟಿದವು. ಅದೇ ಊರಿನ ಕೃಷಿಕ, ಪತ್ರಕರ್ತ ಶ್ರೀಪಡ್ರೆ ಅದನ್ನು ಗಮನಿಸಿ ಬರೆದರು. ಓದಿದವರು ಹೆಚ್ಚಿಲ್ಲ, ಕೇಳಿದವರು ಇಲ್ಲವೇ ಇಲ್ಲ. ಆದರೆ ಅಚ್ಚಾದ ಕಾಗದ ಉಳಿಯಿತು. ಎಂಬತ್ತರ ದಶಕದಿಂದ ಅದೇ ಪಡ್ರೆಯ ವಾಣೀನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್, ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಬುದ್ಧಿಮಾಂದ್ಯ, ಅಪಸ್ಮಾರ, ಅಂಗವಿಕಲತೆ, ಕ್ಯಾನ್ಸರ್ ಯಾಕೆಂದು ಕೇಳಿಕೊಂಡರು. ಯಾವ ಮನೆಯಲ್ಲಿ ಯಾರಿಗೆ ಏನು ಎಂದು ದಾಖಲೆ ಮಾಡಿದರು, ವೈದ್ಯರ ಪತ್ರಿಕೆಗೆ ಬರೆದರು. ಕಾರಣ ಏನೆಂದು ಅವರಿಗೆ ಆಗ ಖಚಿತವಿರಲಿಲ್ಲ. ಪಟ್ಟಿಯನ್ನಂತೂ ಬಿಡಲಿಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ಹೋರಾಟದ ಅಡಿಗಲ್ಲು ಆ ಪಟ್ಟಿಯೇ. ಘೋಷಣೆ ಕೂಗುವವರು ಆಮೇಲೆ ಬಂದರು.

ಜಿಲ್ಲೆಯ ತೆಂಕು ಭಾಗದ ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ ಇನ್ನೊಂದು ದಾರಿ ಹಿಡಿದರು. ಮನೆಯ ಮೇಲೆಯೇ ಹೆಲಿಕಾಪ್ಟರ್ ಹಾರುತ್ತಿತ್ತು. ಸಂಸ್ಥೆಗೆ ಹೇಳಿದರು, ಸಹಿ ಸಂಗ್ರಹಿಸಿದರು, ಅರ್ಜಿ ಕೊಟ್ಟರು. ಏನೂ ಆಗದಾಗ 1998ರಲ್ಲಿ ಅದೇ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಹೈಕೋರ್ಟಿಗಲ್ಲ, ದೆಹಲಿಗಲ್ಲ, ಹತ್ತಿರದ ಅತಿ ಕೆಳಗಿನ ಕೋರ್ಟಿಗೆ. ಅವರು ಕೇಳಿದ್ದೂ ಒಂದೇ: ಆಕಾಶದಿಂದ ಸುರಿಯುವುದನ್ನು ನಿಲ್ಲಿಸಿ. ಗೇರುತೋಟ ಮುಚ್ಚಿ ಎನ್ನಲಿಲ್ಲ, ಕಂಪನಿಯನ್ನು ಜೈಲಿಗೆ ಹಾಕಿ ಎನ್ನಲಿಲ್ಲ. ಕೋರ್ಟು ತಡೆಯಾಜ್ಞೆ ಕೊಟ್ಟಿತು. 2000ದ ಕೊನೆಗೆ ಜಿಲ್ಲೆಯಲ್ಲಿ ಹೆಲಿಕಾಪ್ಟರ್ ನಿಂತಿತು.

ಆಗ ಸುರುವಾದದ್ದು ವರದಿಗಳ ಯುದ್ಧ. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ ಪಡ್ರೆಯಿಂದ ನೀರು, ಮಣ್ಣು, ರಕ್ತ, ಹಾಲುಗಳ ಮಾದರಿ ಒಯ್ದು ಪರೀಕ್ಷಿಸಿ ಎಂಡೋಸಲ್ಫಾನ್ ಇದೆ ಎಂದಿತು. ಪ್ಲಾಂಟೇಶನ್ ಕಾರ್ಪೊರೇಶನ್ ತಾನೇ ಹಣ ಕೊಟ್ಟು ಬೇರೊಂದು ಪ್ರಯೋಗಾಲಯದಿಂದ ಪರೀಕ್ಷೆ ಮಾಡಿಸಿತು. ಅದರ ವರದಿ ಭಯಪಡುವಂಥದ್ದೇನೂ ಇಲ್ಲ ಎಂದಿತು. ಜನ ಯಾರನ್ನು ನಂಬಬೇಕು? ಗಂಟು ಬಿಡಿಸಿದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ. ಅವರು ಪಡ್ರೆಯ ಮಕ್ಕಳನ್ನು ಮಾತ್ರ ನೋಡಲಿಲ್ಲ. ಸಿಂಪಡಣೆ ನಡೆಯದ ಮೀಂಜ ಪಂಚಾಯತಿನ ಶಾಲೆಯೊಂದರ ಮಕ್ಕಳನ್ನೂ ನೋಡಿ ತೂಗಿದರು. 2003ರಲ್ಲಿ ಅಂತಾರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಬಂದ ಅದರ ಒಂದು ಭಾಗದಲ್ಲಿ ಈ ಕಡೆಯ 117, ಆ ಕಡೆಯ 90 ಹುಡುಗರ ಹೋಲಿಕೆಯಿದೆ. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿದೆಯೆಂದು ಅದು ತೋರಿಸಿತು. ಯಾವ ಕಾಯಿಲೆಗೆ ಎಂಡೋಸಲ್ಫಾನ್ ಎಷ್ಟು ಕಾರಣ ಎಂಬ ವಾದ ವಿಜ್ಞಾನಿಗಳ ನಡುವೆ ಇಂದಿಗೂ ನಿಂತಿಲ್ಲ. ಆದರೆ ಮೀಂಜದ ಜತೆಗಿಟ್ಟು ತೂಗಿದ ಮೇಲೆ "ಎಲ್ಲ ಊರಲ್ಲೂ ಕಾಯಿಲೆ ಇದ್ದದ್ದೇ" ಎಂದು ತಳ್ಳಿಹಾಕುವ ದಾರಿ ಮುಚ್ಚಿತು.

2005ರಲ್ಲಿ ಕೇರಳದಲ್ಲಿ ನಿಷೇಧ. ಗಡಿಯಾಚೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಗೇರು ನಿಗಮದ ತೋಟಗಳ ಕೆಳಗೆ ಇದೇ ಕತೆ. ಕರ್ನಾಟಕ ನಿಷೇಧಿಸಿದ್ದು 2011ರ ಫೆಬ್ರವರಿಯಲ್ಲಿ. ಅದೇ ವರ್ಷ ಎಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಎಂಡೋಸಲ್ಫಾನನ್ನು ತ್ಯಜಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿತು. ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆ ಮೂರನ್ನೂ ತಡೆಯಿತು.

ಇದರಲ್ಲಿ ತೆಗೆದಿಟ್ಟುಕೊಳ್ಳಬೇಕಾದದ್ದು: ದಿನಾಂಕ ಹಾಕಿದ ದಾಖಲೆ, ಇಷ್ಟೇ ಬೇಕೆಂಬ ಒಂದು ಬೇಡಿಕೆ, ಕಂಪನಿಗೆ ಸಂಬಂಧವಿಲ್ಲದವರ ಪರೀಕ್ಷೆ, ಹತ್ತಿರದ ಬಾಗಿಲು.

ನಿಮ್ಮ ಕೇಸು ಯಾವ ಬಾಗಿಲಿನದ್ದು

ಪಡ್ರೆಯವರು ಯಾರಿಂದಲೂ ಏನನ್ನೂ ಕೊಂಡವರಲ್ಲ. ಆದ್ದರಿಂದ ಕಾನೂನಿನ ಕಣ್ಣಿಗೆ ಅವರು ಗ್ರಾಹಕರಲ್ಲ. ಅವರ ದಾರಿ ಸಿವಿಲ್ ಕೋರ್ಟು, ಹೈಕೋರ್ಟು, ಮಾನವ ಹಕ್ಕು ಆಯೋಗ. ಹಣ ಕೊಟ್ಟು ವಸ್ತುವನ್ನೋ ಸೇವೆಯನ್ನೋ ಕೊಂಡವರಿಗೆ ಬೇರೆ, ಬಹಳ ಸುಲಭದ ಬಾಗಿಲಿದೆ: 2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಎಷ್ಟೋ ಮಂದಿ ತಪ್ಪುವುದು ಇಲ್ಲಿಯೇ. ಫೇಸ್‌ಬುಕ್ಕಿನಲ್ಲಿ ಬೈದು ಸುಮ್ಮನಾಗುತ್ತಾರೆ, ಇಲ್ಲವೇ ಪೊಲೀಸ್ ಸ್ಟೇಶನ್ನಿಗೆ ಹೋಗಿ ಕೈಚೆಲ್ಲಿ ಬರುತ್ತಾರೆ.

ವ್ಯಾಪಾರಕ್ಕೆಂದು ಕೊಂಡದ್ದು ಈ ಕಾಯ್ದೆಯೊಳಗೆ ಬರುವುದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೆ ಕೊಂಡದ್ದಾದರೆ ಬರುತ್ತದೆ. ಅಡಿಕೆ ತೋಟದ ಪಂಪು, ಟೈಲರ್ ಅಂಗಡಿಯ ಹೊಲಿಗೆ ಮಿಶನು, ಬಾಡಿಗೆಗೆ ಓಡಿಸುವ ಸ್ವಂತ ರಿಕ್ಷಾ ಇವೆಲ್ಲ ಹಾಗೆ. ಬಿತ್ತನೆ ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಮೊದಲ ಹೆಜ್ಜೆ ಬರವಣಿಗೆ. ನಮ್ಮ ತೋಟದ ಪಂಪು ವಾರಂಟಿಯೊಳಗೆ ಕೆಟ್ಟಾಗ ಮೂರು ತಿಂಗಳು ಫೋನಿನಲ್ಲೇ ಕಳೆದೆ. ಪ್ರತಿ ಸಲವೂ ಹೊಸ ದನಿ, "ನಾಳೆ ಜನ ಬರ್ತಾರೆ" ಎಂಬ ಅದೇ ಉತ್ತರ. ತೋಟ ಒಣಗುತ್ತಿತ್ತು. ಕೊನೆಗೆ ಒಂದು ಪುಟದ ಪತ್ರ ಬರೆದು ಕಂಪನಿಯ ಕೇಂದ್ರ ಕಚೇರಿಗೆ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆ. ಒಂಬತ್ತನೆಯ ದಿನ ಮೆಕ್ಯಾನಿಕ್ ಮನೆ ಬಾಗಿಲಿನಲ್ಲಿದ್ದ. ಕಾಗದ ಕಂಡರೆ ಅವರ ಕಾನೂನು ವಿಭಾಗ ಎಚ್ಚರವಾಗುತ್ತದೆ. ಫೋನು ಬಂದರೆ ಎಚ್ಚರವಾಗುವುದು ಕಾಲ್ ಸೆಂಟರ್ ಮಾತ್ರ.

ಆ ಪತ್ರದಲ್ಲಿ ಸಿಟ್ಟು ಬೇಡ. ಏನು ಕೊಂಡದ್ದು, ಯಾವಾಗ, ಎಷ್ಟಕ್ಕೆ, ಬಿಲ್ ನಂಬ್ರ ಎಷ್ಟು. ಏನು ಕೆಟ್ಟಿತು, ಯಾವ ದಿನ ಯಾರಿಗೆ ಹೇಳಿದೆ, ಅವರು ಏನೆಂದರು. ಈಗ ನನಗೆ ಬೇಕಾದದ್ದು ಇದು. ಹದಿನೈದು ದಿನದೊಳಗೆ ಆಗದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಸಾಕು. ಬಿಲ್ಲಿನ ಶಾಯಿ ಆರು ತಿಂಗಳಲ್ಲಿ ಮಾಸುತ್ತದೆ. ಕೊಂಡ ದಿನವೇ ಅದರ ಫೋಟೋ ತೆಗೆದಿಡಿ. ಆನ್‌ಲೈನಿನಲ್ಲಿ ಕೊಂಡದ್ದಾದರೆ ಆ ಜಾಲತಾಣದಲ್ಲಿ ದೂರು ಅಧಿಕಾರಿಯ ಹೆಸರು ಇರಲೇಬೇಕು. 2020ರ ನಿಯಮದಂತೆ ಅವರು 48 ಗಂಟೆಯೊಳಗೆ ದೂರು ಸಿಕ್ಕಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಪತ್ರಕ್ಕೂ ಬಗ್ಗದಿದ್ದರೆ 1915ಕ್ಕೆ ಕರೆ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಕನ್ನಡದಲ್ಲೂ ಮಾತಾಡುತ್ತದೆ. ಅವರು ತೀರ್ಪು ಕೊಡುವವರಲ್ಲ, ನಿಮ್ಮ ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುವವರು. ಸಣ್ಣಪುಟ್ಟ ಮರುಪಾವತಿಗಳು ಅಲ್ಲಿಯೇ ಮುಗಿಯುವುದುಂಟು. ಮುಗಿಯದಿದ್ದರೂ ದೂರಿನ ನಂಬ್ರ ಸಿಗುತ್ತದೆ, ಅದು ಕಡತಕ್ಕೆ ಸೇರುತ್ತದೆ. ಬ್ಯಾಂಕಿನ ಮೇಲಿನ ದೂರಿಗೆ ಬ್ಯಾಂಕು 30 ದಿನ ಸುಮ್ಮನಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ವಿಮೆಗೂ ಬೇರೆ ಓಂಬುಡ್ಸ್‌ಮನ್ ಇದ್ದಾರೆ.

ಆಯೋಗದಲ್ಲಿ ಏನಾಗುತ್ತದೆ

ಕಾಸರಗೋಡಿನಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯ್ದೆ ಮಾಡಿದ ದೊಡ್ಡ ಉಪಕಾರವೆಂದರೆ, ಕಂಪನಿ ಮುಂಬೈಯದ್ದಿರಲಿ, ವಸ್ತು ಮಂಗಳೂರಿನಲ್ಲಿ ಕೊಂಡದ್ದಿರಲಿ, ನೀವು ವಾಸವಿರುವ ಊರಿನ ಆಯೋಗದಲ್ಲಿಯೇ ದೂರು ಹಾಕಬಹುದು. ಕಂಪನಿಯೇ ಇಲ್ಲಿಗೆ ಬರಬೇಕು. ಗಡಿಯಲ್ಲಿ ಬದುಕುವ, ಪೇಟೆಗೆಂದು ಮಂಗಳೂರು ಪುತ್ತೂರಿಗೆ ಓಡುವ ನಮಗೆ ಇದಕ್ಕಿಂತ ಅನುಕೂಲದ ನಿಯಮ ಇನ್ನೊಂದಿಲ್ಲ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಹಾಕಲಿಕ್ಕೂ ಬರುತ್ತದೆ. ಅರ್ಜಿ ಕೊಟ್ಟರೆ ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗಲಿಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ.

ನೀವು ಕೊಟ್ಟ ಬೆಲೆ 50 ಲಕ್ಷದ ತನಕ ಇದ್ದರೆ ಜಿಲ್ಲಾ ಆಯೋಗ, ಅದರಿಂದ ಮೇಲೆ 2 ಕೋಟಿಯ ತನಕ ರಾಜ್ಯ ಆಯೋಗ, ಆಮೇಲಿನದ್ದು ದೆಹಲಿಯ ರಾಷ್ಟ್ರೀಯ ಆಯೋಗ. ಲೆಕ್ಕಕ್ಕೆ ಬರುವುದು ಕೊಟ್ಟ ಬೆಲೆ, ಕೇಳುವ ಪರಿಹಾರವಲ್ಲ. 5 ಲಕ್ಷದ ತನಕ ಶುಲ್ಕವೇ ಇಲ್ಲ. 10 ಲಕ್ಷದ ತನಕ 200 ರೂಪಾಯಿ, 20 ಲಕ್ಷದ ತನಕ 400, 50 ಲಕ್ಷದ ತನಕ 1,000. ವಕೀಲರು ಬೇಕೆಂದಿಲ್ಲ, ನೀವೇ ವಾದಿಸಬಹುದು. ಹಕ್ಕು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. "ನೋಡುವ, ನೋಡುವ" ಎಂದು ಕಂಪನಿ ಎಳೆಯುವುದು ಬಹಳ ಸಲ ಈ ಎರಡು ವರ್ಷ ದಾಟಿಸಲಿಕ್ಕೇ.

ದೂರು ಒಪ್ಪಿಕೊಂಡ ಮೇಲೆ ಕಂಪನಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೊಂದು 15. ಅದರಾಚೆ ಒಂದು ದಿನವೂ ಇಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚಿನಲ್ಲಿ ಹೇಳಿದೆ. ಹಾಗಾಗಿ ಕಂಪನಿಗೆ ನೋಟೀಸು ತಲುಪಿದ ದಿನವನ್ನು ಬರೆದಿಟ್ಟುಕೊಳ್ಳಿ. ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ. ಅಷ್ಟರಲ್ಲಿ ಆಗುವುದು ಅಪರೂಪ ಎಂಬುದನ್ನು ತಿಳಿದೇ ಹೊರಡಬೇಕು. ಸೋತ ಕಂಪನಿ ಮೇಲ್ಮನವಿ ಹೋಗುವುದಾದರೆ ತೀರ್ಪಿನ ಮೊತ್ತದ ಅರ್ಧವನ್ನು ಮೊದಲು ಕಟ್ಟಬೇಕು. ಆದೇಶ ಪಾಲಿಸದವರಿಗೆ ಒಂದು ತಿಂಗಳಿನಿಂದ ಮೂರು ವರ್ಷದ ತನಕ ಜೈಲಿಗೂ ದಾರಿಯಿದೆ.

ವಸ್ತುವಿನ ದೋಷದಿಂದ ಗಾಯವೋ ನಷ್ಟವೋ ಆದರೆ ಈಗ ಅಂಗಡಿಯವನೊಬ್ಬನನ್ನೇ ಹಿಡಿಯಬೇಕಾಗಿಲ್ಲ. ತಯಾರಿಸಿದ ಕಂಪನಿಯನ್ನು ನೇರವಾಗಿ ಹೊಣೆ ಮಾಡುವ ಅಧ್ಯಾಯವೇ ಈ ಕಾಯ್ದೆಯಲ್ಲಿದೆ. ಊರಿನ ಅಂಗಡಿಯವರ ಜತೆ ಜಗಳ ಮಾಡಿ ಸಂಬಂಧ ಕೆಡಿಸಿಕೊಳ್ಳುವ ಮೊದಲು ಇದನ್ನು ನೆನಪಿಡಿ. ಅನೇಕ ಸಲ ಆ ಬಡಪಾಯಿಯೂ ನಮ್ಮಂತೆ ಮೋಸ ಹೋದವನೇ.

ತಿನ್ನುವ ವಸ್ತುವಿನ ವಿಷಯ ಸ್ವಲ್ಪ ಬೇರೆ. ಪ್ಯಾಕೆಟಿನ ಆಹಾರ ಕಲಬೆರಕೆಯೆಂಬ ಸಂಶಯ ಬಂದರೆ ಅಧಿಕಾರಿ ಬರಲೆಂದು ಕಾಯಬೇಕಾಗಿಲ್ಲ. ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನಂತೆ ಕೊಂಡವರೇ ಶುಲ್ಕ ಕಟ್ಟಿ ಸರಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ "ಇದನ್ನು ಪರೀಕ್ಷೆಗೆ ಕಳಿಸುತ್ತೇನೆ" ಎಂದು ಅಂಗಡಿಯವರಿಗೆ ತಿಳಿಸಬೇಕು, ಅದೊಂದೇ ಶರತ್ತು. ದೋಷ ಕಂಡುಬಂದರೆ ಕಟ್ಟಿದ ಶುಲ್ಕ ಹಿಂದೆ ಸಿಗುತ್ತದೆ. ಒಡೆದ ಪೊಟ್ಟಣ ತೋರಿಸಿದರೆ "ನೀವೇ ಹಾಕಿದ್ದು" ಎನ್ನುತ್ತಾರೆ. ಒಡೆಯದ ಇನ್ನೊಂದು ಪೊಟ್ಟಣ, ಅದೇ ಬ್ಯಾಚ್ ನಂಬ್ರದ್ದು, ಬಿಲ್ಲಿನೊಂದಿಗೆ ಇರಲಿ. ಮೀಂಜದ ಮಕ್ಕಳನ್ನು ಜತೆಗಿಟ್ಟು ನೋಡಿದ ವಿಜ್ಞಾನಿಗಳು ಮಾಡಿದ್ದೂ ಇದನ್ನೇ.

ಒಬ್ಬರಿಂದ ನೂರು ಮಂದಿಗೆ

ಕಂಪನಿಯ ಲೆಕ್ಕದಲ್ಲಿ ಒಬ್ಬನ 300 ರೂಪಾಯಿಯ ನಷ್ಟ ನಷ್ಟವೇ ಅಲ್ಲ, ಅವನು ಬರುವುದಿಲ್ಲ ಎಂಬ ಧೈರ್ಯ ಅವರಿಗಿದೆ. ಲಕ್ಷ ಜನರಿಂದ 300 ರೂಪಾಯಿ ಹೊಡೆದರೆ ಮೂರು ಕೋಟಿ. ಇಂಥ ಕಡೆ ಒಬ್ಬೊಬ್ಬರೇ ಹೋಗುವುದು ವ್ಯರ್ಥ ದುಡಿಮೆ.

ಕಾಯ್ದೆಯ 35(1)(ಸಿ) ಕಲಮಿನಂತೆ ಒಂದೇ ಹಿತವಿರುವ ಅನೇಕರ ಪರವಾಗಿ ಕೆಲವರು ಆಯೋಗದ ಅನುಮತಿ ಪಡೆದು ದೂರು ಹಾಕಬಹುದು. ಇದರಲ್ಲಿ ಎಡವಿದವರ ಉದಾಹರಣೆ ಬೆಂಗಳೂರಿನದ್ದು. ಬ್ರಿಗೇಡ್ ಎಂಟರ್‌ಪ್ರೈಸಸ್‌ನ 1,134 ಫ್ಲಾಟುಗಳ ಸಂಕೀರ್ಣದಲ್ಲಿ 51 ಫ್ಲಾಟುಗಳ 91 ಮಂದಿ ಎಲ್ಲರ ಪರವಾಗಿ ಎಂದು ದೂರು ಕೊಟ್ಟರು. ಎಲ್ಲರ ಹಿತವೂ ಒಂದೇ ಎಂಬುದನ್ನು ಅರ್ಜಿಯಲ್ಲಿ ಕಾಣಿಸಿಲ್ಲವೆಂದು 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆದರೆ ಆ 91 ಮಂದಿ ತಮ್ಮ ತಮ್ಮ ಪರವಾಗಿ ಒಟ್ಟಾಗಿ ಒಂದೇ ದೂರು ನಡೆಸಲು ಅಡ್ಡಿಯಿಲ್ಲ ಎಂದಿತು. ಹಾಗಾಗಿ ನಿಮ್ಮ ಗುಂಪಿನಲ್ಲಿ ಹತ್ತು ಮನೆಗಳಿದ್ದರೆ ಹತ್ತು ಮನೆಯವರೇ ಸೇರಿ ಹಾಕಿ. ಊರಿಗೆಲ್ಲ ನಾವೇ ಪ್ರತಿನಿಧಿಗಳೆಂದು ಹೇಳಬೇಡಿ.

ದಾರಿ ತಪ್ಪಿಸುವ ಜಾಹೀರಾತು, ಎಲ್ಲರಿಂದಲೂ ಹೆಚ್ಚು ವಸೂಲಿ, ಅಪಾಯದ ಉತ್ಪನ್ನ ಇಂಥವಕ್ಕೆ 2020ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಬಂದಿದೆ. ಅದು ತನಿಖೆ ಮಾಡಿ ಸರಕನ್ನು ಮಾರುಕಟ್ಟೆಯಿಂದ ವಾಪಸು ತರಿಸಬಹುದು, ಜಾಹೀರಾತು ನಿಲ್ಲಿಸಬಹುದು, ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷದ ತನಕ ದಂಡ ಹಾಕಬಹುದು. ಹೊಟೇಲುಗಳು ಬಿಲ್ಲಿಗೆ ತಾವೇ ಸೇವಾಶುಲ್ಕ ಸೇರಿಸಬಾರದೆಂಬ 2022ರ ಮಾರ್ಗಸೂಚಿ ಇದೇ ಪ್ರಾಧಿಕಾರದ್ದು, 2025ರಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ದೂರು ಕೊಡಲಿಕ್ಕೆ ದೆಹಲಿಗೆ ಹೋಗಬೇಕಾಗಿಲ್ಲ. ಜಿಲ್ಲಾ ಕಲೆಕ್ಟರಿಗೇ ಲಿಖಿತವಾಗಿ ಕೊಡಬಹುದೆಂದು ಕಾಯ್ದೆಯಲ್ಲಿದೆ.

ಕಾಸರಗೋಡಿನ ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ಹೇಳಬೇಕು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಮಲಯಾಳ ಬರೆಯಲು ಬಾರದೆಂಬ ಸಂಕೋಚದಿಂದ ಅರ್ಜಿಯನ್ನೇ ಕೊಡದೆ ಕೂತ ಹಿರಿಯರನ್ನು ನಾನು ಕಂಡಿದ್ದೇನೆ. ದಯವಿಟ್ಟು ಕನ್ನಡದಲ್ಲಿ ಬರೆಯಿರಿ.

ಖಾಸಗಿ ಕಂಪನಿ ಮಾಹಿತಿ ಹಕ್ಕಿನ ಕಾಯ್ದೆಯ ಕೆಳಗೆ ಬರುವುದಿಲ್ಲ. ಆದರೆ ಅದಕ್ಕೆ ಪರವಾನಗಿ ಕೊಟ್ಟ ಪಂಚಾಯತು, ಪರೀಕ್ಷೆ ಮಾಡಿದ ಮಾಲಿನ್ಯ ನಿಯಂತ್ರಣ ಮಂಡಳಿ, ದಂಡ ಹಾಕಬೇಕಾದ ಇಲಾಖೆ ಎಲ್ಲ ಬರುತ್ತವೆ. ಹತ್ತು ರೂಪಾಯಿಯ ಅರ್ಜಿ, 30 ದಿನದೊಳಗೆ ಉತ್ತರ. ಪಾಲಕ್ಕಾಡಿನ ಪ್ಲಾಚಿಮಡದಲ್ಲಿ, ಊರಿನ ನೀರು ಹೀರುತ್ತಿದೆಯೆಂದು, ಕೋಕಾ ಕೋಲಾ ಘಟಕದ ಎದುರು 2002ರ ಎಪ್ರಿಲಿನಲ್ಲಿ ಆದಿವಾಸಿಗಳು ಚಪ್ಪರ ಹಾಕಿ ಕೂತರು. ಚಪ್ಪರದಷ್ಟೇ ಕೆಲಸ ಮಾಡಿದ್ದು ಪೆರುಮಾಟ್ಟಿ ಪಂಚಾಯತು 2003ರಲ್ಲಿ ಪರವಾನಗಿ ನವೀಕರಿಸುವುದಿಲ್ಲವೆಂದ ನಿರ್ಣಯ. 2004ರ ಮಾರ್ಚಿನಲ್ಲಿ ಘಟಕ ನಿಂತಿತು. ದೊಡ್ಡ ಕಂಪನಿಗೂ ಸಣ್ಣ ಪಂಚಾಯತಿನ ಒಂದು ಸಹಿ ಬೇಕಾಗುತ್ತದೆ.

ಗುಂಪು ಕಟ್ಟುವುದರಲ್ಲಿ ಕರಾವಳಿಗೆ ಹಳೆಯ ಅನುಭವವಿದೆ. ಕುಂದಾಪುರದ ಹತ್ತಿರದ ಬಸ್ರೂರಿನಲ್ಲಿ ಡಾ. ರವೀಂದ್ರನಾಥ ಶಾನುಭಾಗರು ಕಟ್ಟಿದ ಬಳಕೆದಾರರ ವೇದಿಕೆ ಎಂಬತ್ತರ ದಶಕದಲ್ಲೇ ಹಳ್ಳಿಯವರ ದೂರುಗಳನ್ನು ಬರೆಸಿ ನಡೆಸಿ ತೋರಿಸಿತ್ತು. ಮುಂದೆ ದಕ್ಷಿಣ ಕನ್ನಡದ ಎಂಡೋಸಲ್ಫಾನ್ ಪೀಡಿತರ ಪರ ನಿಂತವರಲ್ಲೂ ಶಾನುಭಾಗರಿದ್ದರು.

ಬಹಿಷ್ಕಾರ ಯಾವಾಗ ಫಲಿಸುತ್ತದೆ

"ಅವರ ಮಾಲು ಕೊಳ್ಳುವುದು ಬೇಡ" ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಮಾತು. ಫಲಿಸುವುದು ಕಡಿಮೆ. ವಾಟ್ಸಾಪಿನಲ್ಲಿ ಇಪ್ಪತ್ತು ಕಂಪನಿಗಳ ಪಟ್ಟಿ ಬರುತ್ತದೆ, ವಾರದಲ್ಲಿ ಮರೆತುಹೋಗುತ್ತದೆ. ಯಾವಾಗ ನಿಲ್ಲಿಸಬೇಕೆಂಬುದೂ ಅದರಲ್ಲಿ ಇರುವುದಿಲ್ಲ.

1977ರಲ್ಲಿ ಅಮೆರಿಕದಲ್ಲಿ ನೆಸ್ಲೆಯ ಮೇಲೆ ಸುರುವಾದ ಬಹಿಷ್ಕಾರ ಹಾಗಿರಲಿಲ್ಲ. ಬಡ ದೇಶಗಳ ತಾಯಂದಿರಿಗೆ ಎದೆಹಾಲಿನ ಬದಲು ಪುಡಿಹಾಲು ಹಿಡಿಸುವ ಪ್ರಚಾರ ನಿಲ್ಲಬೇಕು, ಇದೊಂದೇ ಕೇಳಿಕೆ. ಕಂಪನಿಯೂ ಒಂದೇ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪುಡಿಹಾಲಿನ ಮಾರಾಟಕ್ಕೆ ನೀತಿಸಂಹಿತೆ ತಂದಿತು. 1984ರಲ್ಲಿ ಕಂಪನಿ ಅದನ್ನು ಪಾಲಿಸುತ್ತೇನೆಂದಾಗ ಬಹಿಷ್ಕಾರ ನಿಲ್ಲಿಸಿದರು. ಮಾತಿಗೆ ತಪ್ಪಿದೆಯೆಂದು ಕಂಡಾಗ 1988ರಲ್ಲಿ ಮತ್ತೆ ಸುರುಮಾಡಿದರು. ನಮ್ಮ ದೇಶದಲ್ಲಿ ಶಿಶು ಆಹಾರದ ಜಾಹೀರಾತು ತಡೆಯುವ 1992ರ ಕಾಯ್ದೆ ಆ ನೀತಿಸಂಹಿತೆಯ ಬೆಳೆಯೇ.

ಬಹಿಷ್ಕಾರಕ್ಕೆ ಬೇಕಾದ ಇನ್ನೊಂದು ಸಂಗತಿಯನ್ನು ನಮ್ಮ ಅಡಿಕೆ ಬೆಳೆಗಾರರಷ್ಟು ಚೆನ್ನಾಗಿ ತಿಳಿದವರಿಲ್ಲ. ಕೊಳ್ಳದಿದ್ದರೆ, ಮಾರದಿದ್ದರೆ, ಮತ್ತೆ ಹೋಗುವುದೆಲ್ಲಿಗೆ? ಎಪ್ಪತ್ತರ ದಶಕದ ಸುರುವಿನಲ್ಲಿ ಅಡಿಕೆ ಧಾರಣೆ ಕುಸಿದು ಬೆಳೆಗಾರ ವ್ಯಾಪಾರಿಯ ಕೈಗೆ ಸಿಕ್ಕಿಬಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು, ಕರ್ನಾಟಕ ಕೇರಳ ಎರಡೂ ರಾಜ್ಯದ ಬೆಳೆಗಾರರ ಸಹಕಾರಿ ಸಂಸ್ಥೆ. ಕೆಲವು ವರ್ಷದ ಮೇಲೆ ಕೊಕ್ಕೊದ ಬೆಲೆ ಬಿದ್ದು ಕೊಳ್ಳುತ್ತಿದ್ದ ಕಂಪನಿಗಳು ಹಿಂದೆ ಸರಿದವು. ನೆಡಿ ನೆಡಿ ಎಂದು ನೆಡಿಸಿಯಾಗಿತ್ತು, ಕೋಡು ಮರದಲ್ಲೇ ಕೊಳೆಯಿತು. ಬೆಳೆಗಾರರು ಕಂಪನಿಯ ಗೇಟಿನೆದುರು ಕೂಗುತ್ತ ಕೂರಲಿಲ್ಲ. ಕ್ಯಾಂಪ್ಕೊ ತಾನೇ ಕೊಕ್ಕೊ ಕೊಳ್ಳಲು ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಕೊಳ್ಳುವವನು ಒಬ್ಬನೇ ಇದ್ದಾಗ ಅವನು ಹೇಳಿದ್ದೇ ಬೆಲೆ. ಎರಡನೆಯವನು ಬಂದ ದಿನ ಮಾತು ಬೇರೆ. ಒಂದು ಕಂಪನಿಯ ಹಾಲೋ ಎಣ್ಣೆಯೋ ಸೋಪೋ ಬೇಡವೆನ್ನುವ ಮೊದಲು ಅದರ ಬದಲಿಗೆ ಯಾವುದು, ಯಾವ ಅಂಗಡಿಯಲ್ಲಿ, ಎಷ್ಟಕ್ಕೆ ಎಂದು ಹೇಳಲು ತಯಾರಾಗಿರಬೇಕು. ಇಲ್ಲವಾದರೆ ಬಹಿಷ್ಕಾರ ನಮ್ಮ ಅಡಿಗೆಮನೆಯಲ್ಲೇ ಸೋಲುತ್ತದೆ.

ಸಾರ್ವಜನಿಕವಾಗಿ ಬರೆಯುವಾಗ ಒಂದು ಎಚ್ಚರ. ದೊಡ್ಡ ಸಂಸ್ಥೆಗಳು ಮಾನನಷ್ಟದ ನೋಟೀಸು ಕಳಿಸಿ ಹೆದರಿಸುವುದುಂಟು. "ಇವರು ಕಳ್ಳರು" ಎಂದು ಬರೆದರೆ ಅದನ್ನು ಸಾಬೀತು ಮಾಡುವ ಹೊರೆ ನಿಮ್ಮ ತಲೆಗೆ ಬರುತ್ತದೆ. "ಮಾರ್ಚ್ 4ರಂದು ಕೊಂಡೆ, ಎಪ್ರಿಲ್ 10ರಂದು ಕೆಟ್ಟಿತು, ನಾಲ್ಕು ಸಲ ದೂರು ಕೊಟ್ಟೆ, ನಂಬ್ರಗಳು ಇವು" ಎಂದು ಬರೆದರೆ ಅವರೇ ಉತ್ತರ ಹೇಳಬೇಕು. ಓದುವವರೂ ನಂಬುತ್ತಾರೆ.

ಗೆದ್ದ ಮೇಲೆ

ತಡೆಯುವುದಕ್ಕಿಂತ ಪರಿಹಾರ ವಸೂಲು ಮಾಡುವುದು ಕಷ್ಟ. ಪ್ಲಾಚಿಮಡದಲ್ಲಿ ಆದ ನಷ್ಟ 216 ಕೋಟಿ ರೂಪಾಯಿಗೂ ಹೆಚ್ಚೆಂದು ಸರಕಾರದ ಸಮಿತಿ 2010ರಲ್ಲಿ ಲೆಕ್ಕ ಹಾಕಿತು. ಅದನ್ನು ಕೊಡಿಸುವ ನ್ಯಾಯಮಂಡಳಿಗಾಗಿ ಕೇರಳ ವಿಧಾನಸಭೆ 2011ರಲ್ಲಿ ಮಸೂದೆ ಪಾಸು ಮಾಡಿತು. ರಾಷ್ಟ್ರಪತಿಯ ಅಂಕಿತ ಸಿಗಲೇ ಇಲ್ಲ. ಗ್ರಾಹಕ ಆಯೋಗದ ತೀರ್ಪಿಗೂ ಇದೇ ಮಾತು. ಆದೇಶದ ಪ್ರತಿ ಕೈಗೆ ಬಂದ ದಿನ ಸಿಹಿ ಹಂಚಬೇಡಿ. ಅದರಲ್ಲಿ ಹೇಳಿದ ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಗಡುವು ದಾಟಿದ ಮರುದಿನವೇ ಜಾರಿ ಅರ್ಜಿ ಕೊಡಿ. ಕಡತವನ್ನು ಅಟ್ಟಕ್ಕೆ ಹಾಕುವುದು ಹಣ ಕೈಗೆ ಬಂದ ಮೇಲೆ.

ಎಂಡೋಸಲ್ಫಾನ್ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟು ಕೇರಳ ಸರಕಾರಕ್ಕೆ ಆದೇಶಿಸಿದ್ದು 2017ರ ಜನವರಿ 10ರಂದು. ಐದು ವರ್ಷ ಕಳೆಯಿತು. 2022ರ ಮೇ 13ರಂದು, ವಿಷವನ್ನು ನಿಷೇಧಿಸಿ ಸರಿಯಾಗಿ ಹನ್ನೊಂದು ವರ್ಷವಾದ ದಿನ, ನ್ಯಾಯಾಂಗ ನಿಂದನೆಯ ಅರ್ಜಿಯೊಂದು ಅದೇ ಕೋರ್ಟಿನಲ್ಲಿ ವಿಚಾರಣೆಗೆ ಬಂತು. ಪಟ್ಟಿಯಲ್ಲಿದ್ದ 3,704 ಮಂದಿಯಲ್ಲಿ ಆ ತನಕ ಹಣ ತಲುಪಿದ್ದು ಎಂಟು ಮಂದಿಗೆ. ಆ ಎಂಟು ಮಂದಿ ಕೋರ್ಟಿಗೆ ಅರ್ಜಿ ಹಾಕಿದವರು.